ಗ್ರೀಕ್ ಕುರಿಗಾಹಿಗಳೂ ನನ್ನ ಹೆಂಡತಿಯ ಗ್ರೈಂಡರೂ

ಅಮೆರಿಕದಲ್ಲಿರುವ ನಮ್ಮೂರು ಸ್ಟರ್ಲಿಂಗಿನ ಕನ್ನಡ ಓದುಗರ ಗುಂಪಿನಲ್ಲಿ ಪ್ರಾಚೀನ ಗ್ರೀಕರ ಕುರಿಗಾಹಿ ಕಾವ್ಯದ ಬಗ್ಗೆ ಮಾತಾಡಲು ಯಾರೂ ಮುಂದೆ ಬರದಿದ್ದಾಗ ನಾನು ಕೈ ಎತ್ತಿದೆ. ಡೇಟಾ ಸೆಂಟರಿನಲ್ಲಿ ಸಾವಿರಾರು ಸರ್ವರ್ ಕಾಯುವವನಿಗೆ ನಾಲ್ಕು ಕುರಿ ಯಾವ ಲೆಕ್ಕ!

ಓದುತ್ತಾ ಹೋದಂತೆ ಬೆರಗಾದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಗ್ರೀಕ್ ಕವಿ ಇಬ್ಬರು ಕುರಿಗಾಹಿಗಳನ್ನು ಮರದ ನೆರಳಿನಲ್ಲಿ ಕೂರಿಸಿ ಪೈಪೋಟಿಯಲ್ಲಿ ಹಾಡಿಸಿದ. ಅಷ್ಟಕ್ಕೇ ರೋಮಿನ ಕವಿಗಳು ಕುರಿ ಹಿಂದೆ ಹೊರಟರು, ಯುರೋಪಿನ ಚಿತ್ರಕಾರರು ಹೊರಟರು, ಕೊನೆಗೆ ಜನ್ಮದಲ್ಲಿ ಕುರಿ ಮುಟ್ಟದ ರಾಜಮನೆತನದವರೂ ಕುರಿಗಾಹಿ ವೇಷ ತೊಟ್ಟು ಕುಣಿದರು. ಸತ್ತ ಗೆಳೆಯನಿಗಾಗಿ ಅಳುವಾಗಲೂ ಕವಿಗಳು ಅವನನ್ನು ಕುರಿಗಾಹಿಯೆಂದೇ ಕರೆದು ಅತ್ತರು. ಎಂಥ ಹಾಡಿರಬೇಕು ಅದು!

ಅದನ್ನು ಬರೀ ಸ್ಲೈಡಿನಲ್ಲಿ ತೋರಿಸುವುದು ಅವಮಾನವೆಂದು ನಮ್ಮ ಹಿತ್ತಲಿನ ಮೇಪಲ್ ಮರದ ಕೆಳಗೆ ಅಂಥದ್ದೇ ಹಾಡಿನ ಪಂದ್ಯವನ್ನು ಏರ್ಪಡಿಸಿದೆ. ಕೊರೊನಾ ಕಾಲ, ಗುಂಪಿನವರೆಲ್ಲ ಹೇಗೂ ಹೊರಗೇ ಕೂರಬೇಕಿತ್ತು. ಒಬ್ಬ ಎರಡು ಸಾಲು ಹಾಡಬೇಕು, ಇನ್ನೊಬ್ಬ ತಡವರಿಸದೆ ಎರಡು ಸಾಲಿನ ಉತ್ತರ ಕೊಡಬೇಕು. ಎದುರಾಳಿ, ಪಕ್ಕದೂರು ರೆಸ್ಟನ್ನಿನಲ್ಲಿರುವ ಧಾರವಾಡದ ಡಾಕ್ಟರು.

"ಪಣ ಏನ್ರೀ?" ಎಂದರು.

ಗ್ರೀಕ್ ಹಾಡುಗಳಲ್ಲಿ ಕುರಿಮರಿಯನ್ನೋ ಕೆತ್ತನೆಯ ಬಟ್ಟಲನ್ನೋ ಪಣಕ್ಕಿಡುತ್ತಾರೆ. ಪ್ರೀತಿಯ ವಸ್ತುವೇ ಆಗಬೇಕು. ನಮ್ಮ ಮನೆಯಲ್ಲಿ ಅಂಥದ್ದು ಒಂದೇ: ನನ್ನ ಹೆಂಡತಿ ಶೈಲಾ ಸೀರೆಗಳನ್ನು ಅಲ್ಲೇ ಬಿಟ್ಟು ಮೈಸೂರಿನಿಂದ ಹೊತ್ತು ತಂದ ವೆಟ್ ಗ್ರೈಂಡರ್. ಅವಳು ಮಹಡಿಯಲ್ಲಿ ಫೋನಿನಲ್ಲಿದ್ದಳು. ಗೆಲ್ಲುವವನಿಗೆ ಅನುಮತಿ ಯಾಕೆ? ಸದ್ದಿಲ್ಲದೆ ತಂದು ಮರದ ಕೆಳಗಿಟ್ಟೆ. ಡಾಕ್ಟರು ತಮ್ಮ ಪಣವಾಗಿ ಕೈಗಡಿಯಾರ ಬಿಚ್ಚಿಟ್ಟರು.

ಕಣ್ಣು ಮುಚ್ಚಿ ಹಾಡಿದೆ:

"ಬೆಟ್ಟದ ಮೇಲೆ ಮೋಡವು ನಿಂತಿದೆ,
ಎದೆಯಲಿ ಏನೋ ನೋವು!"

ಡಾಕ್ಟರು ಕ್ಷಣವೂ ಯೋಚಿಸಲಿಲ್ಲ:

"ಎದಿ ನೋವಂದ್ರ ಸುಮ್ಮನಿರಬ್ಯಾಡೋ,
ಮೊದಲಿಗೆ ಇಸಿಜಿ ತಗಿಸು!"

ಹಿತ್ತಲೆಲ್ಲ ಚಪ್ಪಾಳೆ. ಅವರಜ್ಜ ಗೀಗೀ ಮೇಳದಲ್ಲಿ ಸವಾಲ್-ಜವಾಬ್ ಹಾಡುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಮೂರನೇ ಸುತ್ತಿಗೆ ನನ್ನ ಗಂಟಲಿನಿಂದ ಬರೀ ಗಾಳಿ ಬಂತು. ಸೋತೆ!

ಶೈಲಾ ಕೆಳಗಿಳಿದು ಬಂದಾಗ ಗ್ರೈಂಡರ್ ಡಾಕ್ಟರ ಕಾರಿನ ಟ್ರಂಕಿನಲ್ಲಿತ್ತು.

"ಏನ್ರೀ ಇದು? ನಾಳೆ ಇಪ್ಪತ್ತು ಜನ ದೋಸೆಗೆ ಬರ್ತಿದ್ದಾರೆ. ಹಿಟ್ಟು ನಿಮ್ಮ ಗ್ರೀಕರು ಬಂದು ರುಬ್ತಾರಾ?"

ನಾನು ಪಂದ್ಯದ ನಿಯಮ, ಪ್ರೀತಿಯ ವಸ್ತು, ಯುರೋಪಿನ ಕಲೆಯ ಮೇಲಾದ ಪ್ರಭಾವ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಭಯವಾಯಿತು.

"ಡಾಕ್ಟ್ರೇ, ಇನ್ನೊಂದು ರೌಂಡ್ ಆಡೋಣ," ಎಂದಳು. "ನಾನು ಹಾಡ್ತೀನಿ. ಗೆದ್ರೆ ನನ್ನ ಗ್ರೈಂಡರ್ ವಾಪಸ್. ಸೋತ್ರೆ, ಗ್ರೈಂಡರ್ ಜೊತೆ ಇವರನ್ನೂ ಕರ್ಕೊಂಡು ಹೋಗ್ಬೇಕು. ಪ್ರೀತಿಯ ವಸ್ತುನೇ ಇಡ್ಬೇಕಂತಲ್ಲ!"

ಡಾಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗ್ರೈಂಡರನ್ನು ನೋಡಿದರು. ಮತ್ತೊಮ್ಮೆ ನನ್ನನ್ನು ನೋಡಿದರು.

"ಬ್ಯಾಡ್ರೀ ವೈನಿ," ಎಂದು ಗ್ರೈಂಡರನ್ನು ಕೆಳಗಿಳಿಸಿದರು. "ನಾನಽ ಸೋತೆ."

ಪಣವನ್ನು ನೋಡಿಯೇ ಎದುರಾಳಿ ಸೋಲೊಪ್ಪಿಕೊಂಡದ್ದು ಎರಡು ಸಾವಿರ ವರ್ಷಗಳಲ್ಲಿ ಇದೇ ಮೊದಲಿರಬೇಕು. ಆ ಮಹಾನ್ ಕಾವ್ಯ ಪರಂಪರೆಗೆ ನನ್ನ ಕಾಣಿಕೆ ಇಷ್ಟೇ!