ಬೀಳುವ ಕಾಯಿಯ ಮಾಲೀಕ

ದೂರ ಇದ್ದವನಿಗೆ ಜವಾಬ್ದಾರಿ ಕಡಿಮೆ ಎಂದು ನಾನು ತಿಳಿದಿದ್ದೆ. ನೆಂಟರಿಷ್ಟರ ವಿಷಯದಲ್ಲಿ ಇದು ಹೆಚ್ಚುಕಡಿಮೆ ನಿಜ. ಮದುವೆಗೆ ಹೋಗದಿದ್ದರೂ ನಡೆಯುತ್ತದೆ, ಪೂಜೆಗೆ ಫೋನಿನಲ್ಲೇ ಕೈಮುಗಿದರೂ ನಡೆಯುತ್ತದೆ. ಆದರೆ ಮನೆ ಬಾಡಿಗೆಗೆ ಕೊಟ್ಟವನ ಬಗ್ಗೆ ಕಾನೂನಿಗೆ ಬೇರೆಯೇ ಅಭಿಪ್ರಾಯ ಉಂಟು.

ನನ್ನ ಹೆಂಡತಿ ಸುಮತಿ ತೀರಿಕೊಂಡ ಮೇಲೆ ಕಾವೂರಿನ ಮನೆಯಲ್ಲಿ ಒಬ್ಬನೇ ಇರಲು ನನ್ನಿಂದ ಆಗಲಿಲ್ಲ. ಅಂಗಳದಲ್ಲಿ ಅವಳು ಕಟ್ಟಿದ್ದ ಬಟ್ಟೆ ಹಗ್ಗದ ಕೆಳಗೆ ಬಗ್ಗಿ ನಡೆದು ನನಗೆ ಅಭ್ಯಾಸ. ಹಗ್ಗ ಬಿಚ್ಚಿದ ಮೇಲೂ ಅಲ್ಲಿಗೆ ಬಂದಾಗ ಬಗ್ಗುತ್ತಿದ್ದೆ. ನೋಡಿದವರು ಸೊಂಟ ನೋವಿಗೆ ಎಣ್ಣೆ ಸೂಚಿಸುತ್ತಿದ್ದರು. ಕೊನೆಗೆ ಮನೆಯನ್ನು ಬಾಡಿಗೆಗೆ ಕೊಟ್ಟು ಹುಬ್ಬಳ್ಳಿಯ ತಂಗಿಯ ಮನೆ ಸೇರಿದೆ. ಕರಾರಿನಲ್ಲಿ ನಾನಾಗಿ ಹೇಳಿ ಬರೆಸಿದ್ದು ಒಂದೇ ಮಾತು: ಅಂಗಳದ ತೆಂಗಿನಮರವೂ ಅದರ ಕಾಯಿಯೂ ಮಾಲೀಕನದ್ದು, ಬಾಡಿಗೆದಾರರು ಮುಟ್ಟಬಾರದು. ಕಾಯಿಯ ಆಸೆಯಿಂದಲ್ಲ. ಆ ಸಸಿಯನ್ನು ಸುಮತಿ ವಾಮಂಜೂರಿನ ತವರಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. "ಮಗುವಿಗೆ ಟಿಕೆಟ್ ಬೇಡ ಅಕ್ಕ" ಎಂದಿದ್ದನಂತೆ ಕಂಡಕ್ಟರ್. ನಮಗೆ ಮಕ್ಕಳಾಗಲಿಲ್ಲ. ಟಿಕೆಟ್ಟಿಲ್ಲದೆ ಬಂದ ಅದೊಂದೇ ಬೆಳೆಯಿತು.

ಈಗ ಆ ಮನೆಯಲ್ಲಿರುವ ಲವೀನಾ ಬಾಯಿ ನರ್ಸ್. ಮೊನ್ನೆ ಅವರ ಫೋನ್ ಬಂತು.

"ಅಂಕಲ್, ನಿಮ್ಮ ಕಾಯಿ ಬಿತ್ತು."

"ನೀವೇ ಇಟ್ಟುಕೊಳ್ಳಿ ಬಾಯಿ" ಎಂದೆ ಉದಾರವಾಗಿ.

"ಇಟ್ಟುಕೊಳ್ಳುವ ಮಾತಲ್ಲ ಅಂಕಲ್. ನಮ್ಮ ಅತ್ತೆಯ ಕುರ್ಚಿ ಪಕ್ಕದಲ್ಲೇ ಬಿದ್ದದ್ದು. ಗಾಳಿ ಬರುವುದು ಅಲ್ಲಿ ಮಾತ್ರ ಅಂತ ಅವರು ಜಾಗ ಬಿಡುವುದಿಲ್ಲ. ಈಗ ಹೆಲ್ಮೆಟ್ ಹಾಕಿ ಕೂತು ಜಪಮಾಲೆ ಹೇಳ್ತಾರೆ. ಒಂದೋ ಮರ ಕಡಿಸಿ, ಇಲ್ಲದಿದ್ದರೆ ನಾವು ಬೇರೆ ಮನೆ ನೋಡ್ತೇವೆ."

ಮರ ಕಡಿಸುವ ಮಾತು ಕೇಳಿ ನನಗೆ ಊಟ ಸೇರಲಿಲ್ಲ. ಬಲ್ಮಠದಲ್ಲಿ ವಕೀಲನಾಗಿರುವ ಗೆಳೆಯ ವಿಶ್ವನಾಥನಿಗೆ ಫೋನ್ ಮಾಡಿದೆ. ಕಾವೂರಿನಲ್ಲಿ ಬಿದ್ದ ಕಾಯಿಗೆ ಹುಬ್ಬಳ್ಳಿಯಲ್ಲಿರುವ ನಾನು ಏನು ಮಾಡಲಿ ಎಂದೆ.

"ಎಂತ ಮಾರಾಯ, ಕಾಯಿ ನಿನ್ನದು ಅಂತ ಬರೆಸಿದ್ದು ಯಾರು? ಅವರು ಕೀಳಿಸುವ ಹಾಗಿಲ್ಲ, ನೀನು ಕೀಳಿಸುವುದಿಲ್ಲ. ನಾಳೆ ಆ ಅಜ್ಜಿಯ ತಲೆಗೆ ಬಿದ್ದರೆ ಕೋರ್ಟು ನಿನ್ನನ್ನೇ ಕೇಳುವುದು. ದೂರ ಇದ್ದೆ ಅಂದರೆ, ಬಸ್ಸಿಲ್ಲವಾ ಅಂತಾರೆ. ಬಂದು ನೋಡು. ಬರುವ ಮೊದಲು ಅವರಿಗೆ ತಿಳಿಸು, ಸ್ವಂತ ಮನೆ ಅಂತ ಸೀದಾ ನುಗ್ಗುವ ಹಾಗಿಲ್ಲ."

ನನ್ನದೇ ಮನೆಗೆ ಹೋಗಲು ಅಪ್ಪಣೆ ಕೇಳಿ ಮೆಸೇಜು ಹಾಕಿದೆ. ಒಪ್ಪಿಗೆ ಬಂದ ಮೇಲೆ ಕಾಯಿ ಕೀಳುವವನಿಗೂ ಹೇಳಿಟ್ಟು ಬಸ್ಸು ಹತ್ತಿದೆ. ಗೇಟು ತೆಗೆದು ಅಂಗಳಕ್ಕೆ ಬಂದವನು ಅಭ್ಯಾಸಬಲದಿಂದ ಬಗ್ಗಿದೆ. ಈ ಸಲ ಅಲ್ಲಿ ನಿಜವಾಗಿಯೂ ಹಗ್ಗ ಇತ್ತು, ಲವೀನಾ ಬಾಯಿಯ ಬಿಳಿ ಯೂನಿಫಾರ್ಮು ಒಣಗುತ್ತಿತ್ತು. ಬಗ್ಗಿದ್ದು ವ್ಯರ್ಥವಾಗಲಿಲ್ಲ ಎಂದು ಯಾಕೋ ಸಮಾಧಾನವಾಯಿತು.

ಮರದಡಿ ಹೆಲ್ಮೆಟ್ಟಿನೊಳಗಿಂದ ಅತ್ತೆ ಬಾಯಮ್ಮ ನನ್ನನ್ನು ನೋಡಿದರು. "ಕಾಯಿ ಕೀಳುವವ ಬರುವವರೆಗೆ ಇದನ್ನು ಹಾಕಿಕೊಳ್ಳಿ" ಎಂದು ಮಗನ ಇನ್ನೊಂದು ಹೆಲ್ಮೆಟ್ ಕೊಟ್ಟು ಪಕ್ಕದಲ್ಲಿ ಕೂರಿಸಿದರು. ರಸ್ತೆಯಲ್ಲಿ ಹೋಗುತ್ತಿದ್ದ ಹಳೆಯ ನೆರೆಯವರು ನಿಂತು, "ಎಂತ ಅಣ್ಣ, ಗಾಡಿ ಎಲ್ಲಿ?" ಎಂದರು. ಬಾಯಮ್ಮ ನಕ್ಕರು. ನಾನೂ ನಕ್ಕೆ. ಹೆಲ್ಮೆಟ್ಟಿನೊಳಗೆ ನಕ್ಕರೆ ನಗು ಹೊರಗೆ ಹೋಗದೆ ಕಿವಿಯಲ್ಲೇ ತುಂಬುತ್ತದೆ. ನನ್ನ ನಗುವನ್ನು ನಾನು ಕೇಳದೆ ಬಹಳ ದಿನವಾಗಿತ್ತು.

"ಯಾರು ನೆಟ್ಟದ್ದು ಇದನ್ನು?" ಎಂದರು ಬಾಯಮ್ಮ. ಬಸ್ಸಿನ ಕತೆ ಹೇಳಿದೆ. ಅವರ ಬೆರಳು ಜಪಮಾಲೆಯ ಒಂದೇ ಮಣಿಯ ಮೇಲೆ ನಿಂತುಬಿಟ್ಟಿತು.

"ಹಾಗಾದರೆ ಕಡಿಯುವುದು ಎಂತಕ್ಕೆ? ಸರಿಯಾದ ಸಮಯಕ್ಕೆ ಕಾಯಿ ಕೀಳಿಸಿ, ಸಾಕು. ಸೊಸೆಗೆ ನಾನು ಹೇಳ್ತೇನೆ."

ಕೀಳುವವ ಬಂದು ಕಾಯಿ ಇಳಿಸಿ ಹೋದ ಮೇಲೆ ವಿಶ್ವನಾಥ ಕರಾರು ತಿದ್ದಿದ. ಕಾಯಿ ಇನ್ನು ಅವರಿಗೆ, ಕೀಳಿಸುವ ಹೊಣೆ ನನಗೆ. "ಇಲ್ಲಿ ಯಾರಿಗಾದರೂ ವಹಿಸಿಕೊಡು, ಕಾನೂನಿಗೆ ಅಷ್ಟು ಸಾಕು. ನೀನೇ ಬರಬೇಕು ಅಂತ ಇಲ್ಲ" ಎಂದ. "ಇಲ್ಲ, ನಾನೇ ಬರ್ತೇನೆ" ಎಂದು ಸಹಿ ಹಾಕಿದೆ. ಲಾಭವಿಲ್ಲದ ಕರಾರಿಗೆ ಇಷ್ಟು ಅವಸರದಲ್ಲಿ ಸಹಿ ಮಾಡಿದ ಮಾಲೀಕನನ್ನು ತಾನು ನೋಡಿಲ್ಲ ಎಂದ.

ಹೊರಡುವಾಗ ಗೇಟಿನ ಬಳಿ ಲವೀನಾ ಬಾಯಿಗೆ ಮುಂದಿನ ಸಲ ಕಾಯಿ ಕೀಳಿಸಲು ಬರುವ ದಿನ ತಿಳಿಸಿದೆ. "ಎರಡು ತಿಂಗಳ ಮೊದಲೇ ನೋಟೀಸಾ ಅಂಕಲ್? ಆಗಲಿ, ಆ ದಿನ ಊಟ ಇಲ್ಲೇ. ಮೀನು ಎಂತ ಮಾಡುವುದು?"

ಮಾಲೀಕ ಬಾಡಿಗೆದಾರರಿಂದ ಏನೇನು ಕೇಳಬಾರದು ಎಂದು ವಿಶ್ವನಾಥ ಉದ್ದಕ್ಕೆ ವಿವರಿಸಿದ್ದ. ಅದರಲ್ಲಿ ಮೀನಿನ ಸುದ್ದಿ ಇರಲಿಲ್ಲ.

"ಬಂಗುಡೆ" ಎಂದೆ.