ಗಜೇಂದ್ರಗಡದ ಅತ್ತೆಯ ದೊಡ್ಡಸ್ತಿಕೆ

ನಮ್ಮ ಗಜೇಂದ್ರಗಡದ ಸೋದರತ್ತೆ ಈವರೆಗೆ ಒಂದೂ ಸುಳ್ಳು ಹೇಳಿದವಳಲ್ಲ. ನಿಜವನ್ನೇ ಪೂರಿಯಂತೆ ಉಬ್ಬಿಸುತ್ತಾಳೆ, ಅಷ್ಟೆ!

ನರಗುಂದದ ಮದುವೆಯೊಂದರಲ್ಲಿ ಸಾರಿನ ರುಚಿ ನೋಡಿ "ಚಲೋ ಆಗೇತಿ" ಎಂದಿದ್ದಳು. ಊರು ಮುಟ್ಟುವಷ್ಟರಲ್ಲಿ ಅದು "ಐನೂರು ಮಂದಿಗೆ ನಾನ ಸಾರು ಮಾಡಿ ಹಾಕಿದೆ" ಎಂದಾಗಿತ್ತು! ಇನ್ನೊಮ್ಮೆ ರೋಣದ ಬಸ್ಸು ಆಕೆಯನ್ನು ಕಂಡೇ ನಿಂತಿತಂತೆ.

"ಟಯರ್ ಪಂಕ್ಚರ್ ಆಗಿತ್ತಲ್ಲ?" ಎಂದರು ಮಾವ.

"ಖರೆ. ಆದ್ರ ನಾ ಬರೂ ಹೊತ್ತಿಗೇ ಯಾಕ ಆತ್ರಿ?"

ಹೀಗಂದು ಎಲ್ಲರ ಮುಖ ನೋಡುವಳು. ನಾವು ನಕ್ಕರೆ ತಾನೂ ನಗುವಳು.

ಹೋದ ವರ್ಷ ಬಿಪಿ ಬಂತು. ಡಾಕ್ಟರು ಉಪ್ಪು ಸ್ವಲ್ಪ ಕಡಿಮೆ ಮಾಡಿ ಎಂದರು. ಸ್ವಲ್ಪವೇ? ನಮ್ಮತ್ತೆಯೇ?

"ಅದು ಸಾದಾ ಮಂದಿಗೆ! ನಾ ಪೂರಾ ಬಿಟ್ಟೆ!"

ಸಪ್ಪನೆಯ ಪಲ್ಲೆ ತಿಂದು, ಬಿಂದಿಗೆಗಟ್ಟಲೆ ನೀರು ಕುಡಿದಳು. ತಿಂಗಳು ತುಂಬುವುದರೊಳಗೆ ಒಂದು ಮುಂಜಾನೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, "ಗುಡ್ಡದ ಮ್ಯಾಲಿನ ಕೋಟೆ ನಂದು. ಲಗೂ ಬಾಗಲಾ ತಗಸ್ರಿ" ಎಂದಳು. ರಜೆಗೆಂದು ಹೋಗಿದ್ದ ನಾನು ರೂಢಿಯಂತೆ ನಕ್ಕೆ. ಅತ್ತೆ ನಗಲಿಲ್ಲ. ಚಹಾ ತಂದ ಮಾವನತ್ತ ಬೆರಳು ಮಾಡಿ, "ಇವರು ಯಾರು? ಇಲ್ಲಿ ಇವರಿಗೇನ ಕೆಲಸ?" ಎಂದಳು.

"ನಾನ..." ಎಂದ ಮಾವ ಚಹಾದ ಕಪ್ಪನ್ನು ನೆಲಕ್ಕಿಟ್ಟು ಆಕೆಯ ಮುಂದೆ ಕುಳಿತರು.

ರೋಣದ ದವಾಖಾನೆಗೆ ಕರೆದೊಯ್ದೆವು. "ಆಕಿ ಮೊದಲಿಂದನೂ ಹಿಂಗ ರೀ, ಮಾತು ಸ್ವಲ್ಪ ದೊಡ್ಡಸ್ತಿಕಿದು" ಎಂದೆ ನಾನು.

ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ತಲೆಯಾಡಿಸಿದರು. "ದೊಡ್ಡಸ್ತಿಕಿ ಮಾತಾಡೋರು, ನಾವು ನಂಬಿದ್ವೋ ಇಲ್ಲೋ ಅಂತ ನಮ್ಮ ಮುಖ ನೋಡ್ತಾರ್ರಿ. ಇವರು ನೋಡವಲ್ರು. ಇದು ಭ್ರಮಾ. ರಕ್ತದಾಗ ಉಪ್ಪು ಭಾಳ ಇಳದೈತಿ."

ಸಲೈನ್ ಏರಿತು. ನಾಲ್ಕನೆಯ ದಿನ ಅತ್ತೆ ಕಣ್ಣರಳಿಸಿ, "ಇಂಥಾ ಪೇಶಂಟ್ ಇಡೀ ಜಿಲ್ಲಾದಾಗ ಬಂದಿಲ್ಲಂತ!" ಎಂದು ಮಾವನ ಮುಖ ನೋಡಿದಳು.

"ಹೌದು, ಬಂದಿಲ್ಲ" ಎಂದರು ಮಾವ.

ವಾದಕ್ಕೆ ಸಜ್ಜಾಗಿದ್ದ ಅತ್ತೆ ಕಕ್ಕಾಬಿಕ್ಕಿಯಾದಳು. ಆಮೇಲೆ ಮೆಲ್ಲಗೆ, "ನಾ ನಿಮಗೇನರ ಅಂದೆನೇನ್ರಿ?" ಎಂದು ಕೇಳಿದಳು.

"ಏನೂ ಅಂದಿಲ್ಲ" ಎಂದು ಮಾವ ಆಕೆಯ ಕೈ ಹಿಡಿದುಕೊಂಡರು.

ಗಂಜಿ ಬಂತು. ಅತ್ತೆ ಕೈ ಬಿಡಿಸಿಕೊಳ್ಳಲು ನೋಡಿದಳು. ಮಾವ ಹಿಡಿದ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಚಮಚ ಎತ್ತಿ ಆಕೆಯ ಬಾಯಿಗೆ ಹಿಡಿದರು.

"ಮಂದಿ ನೋಡ್ತಾರ್ರಿ!"

"ನೋಡ್ಲಿ" ಎಂದರು ಮಾವ.