ಕೆಂಪೆದೆಯ ಉಲ್ಲಂಕಿ

ಕೆರೆಯ ಕಾವಲುಗಾರನ ಫೋನ್ ಬಂದಾಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಸ್ಟೇರಿಂಗ್ ಹಿಡಿದಿದ್ದವರು ಪಕ್ಕದ ಮನೆಯ ಹೊಲಿಗೆ ಟೀಚರ್.

"ಸಾರ್, ಕೆಂಪೆದೆ ಉಲ್ಲಂಕಿ ಬಂದಿದೆ! ಬಿರುಗಾಳಿಗೆ ದಾರಿ ತಪ್ಪಿ ಒಂದೇ ಒಂದು ಬಂದಿದೆಯಂತೆ. ಪಕ್ಷಿ ಡಾಕ್ಟರೇ ನೋಡಿ ಹೇಳಿದ್ರು. ಪಂಪ್‌ಹೌಸ್ ಹತ್ರ ಇದೆ, ಬೇಗ ಬನ್ನಿ."

ಮೇಷ್ಟ್ರ ಎದೆ ಝಲ್ಲೆಂದಿತು. ಹಿಮದ ನಾಡಿನ ಆ ಹಕ್ಕಿ ಈ ಕಡೆ ಸುಳಿಯುವುದೇ ಇಲ್ಲ. ಪುಸ್ತಕದಲ್ಲಿ ಅದರ ಇಟ್ಟಿಗೆಗೆಂಪು ಎದೆಯ ಚಿತ್ರ ತೋರಿಸಿ ಅವರಿಗೆ ಹಕ್ಕಿಯ ಹುಚ್ಚು ಹಿಡಿಸಿದವರೇ ಮಾವ. ಎಂದಾದರೂ ಬಂದರೆ ಇಬ್ಬರೂ ಜೊತೆಗೇ ನೋಡುವುದೆಂದು ಮಾತಾಗಿತ್ತು. ಆದರೆ ಮಂಡಿನೋವಿನ ಮಾವ ಮೆಟ್ಟಿಲಿಳಿದು ಕಾರು ಹತ್ತುವಷ್ಟರಲ್ಲಿ ಹಕ್ಕಿ ತವರು ಸೇರಿಬಿಟ್ಟರೆ? ಮೊದಲು ತಾನು ನೋಡಿಬಿಡೋಣ, ಆಮೇಲೆ ಅವರನ್ನು ಕರೆತಂದರಾಯಿತು ಎಂದು ಮೇಷ್ಟ್ರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

"ಟೀಚರ್, ಇಳೀರಿ. ನಾನು ಓಡಿಸ್ತೀನಿ."

"ಅದೆಲ್ಲ ಆಗಲ್ಲ ಸಾರ್, ಇದು ನನ್ನ ಕ್ಲಾಸು. ಕೆರೆಗೆ ತಾನೆ? ನಾನೇ ಕರ್ಕೊಂಡು ಹೋಗ್ತೀನಿ!"

ಕಾರು ಹೊರಟಿತು, ನಿಂತಿತು, ಮತ್ತೆ ಹೊರಟಿತು. ಸೈಕಲ್ಲುಗಳೆಲ್ಲ ಹಿಂದೆ ಹಾಕಿ ಹೋದವು. ಮನೆಯ ತಿರುವು ಬಂದಾಗ ಟೀಚರ್ ಅಭ್ಯಾಸಬಲದಿಂದ ಒಳಗೆ ತಿರುಗಿಸಹೊರಟರು. "ನೇರ! ನೇರ ಹೋಗಿ!" ಎಂದು ಕೂಗಿ, ಬಾಲ್ಕನಿಯಲ್ಲಿ ಮಾವನಿದ್ದರೆ ಕಾಣಬಾರದೆಂದು ಮೇಷ್ಟ್ರು ತಲೆ ತಗ್ಗಿಸಿದರು. ಹಾಗೆ ಬಗ್ಗಿ ಕೂತದ್ದಕ್ಕೆ ಅವರಿಗೇ ನಾಚಿಕೆಯಾಯಿತು. ತಲೆಯೆತ್ತುವಷ್ಟರಲ್ಲಿ ಕಾರು ಕಸದ ತೊಟ್ಟಿಗೆ ಮುತ್ತಿಟ್ಟಿತ್ತು.

ಅಂತೂ ಕೆರೆ ಬಂತು. ಕಾವಲುಗಾರ ಊಟಕ್ಕೆ ಹೋಗಿದ್ದ. ಎಲ್ಲಿ ನೋಡಿದರೂ ಕೆಂಪು ಎನ್ನುವುದೇ ಇಲ್ಲ. ಬೂದಿ ಬಣ್ಣದ ದುಂಡು ಹಕ್ಕಿಯೊಂದು ಮಾತ್ರ ಕೆಸರು ಕೆದಕುತ್ತಾ ಮತ್ತೆ ಮತ್ತೆ ದುರ್ಬೀನಿಗೆ ಅಡ್ಡ ಬರುತ್ತಿತ್ತು. ಮೇಷ್ಟ್ರಿಗೆ ರೇಗಿತು. "ಹುಶ್! ಹೋಗಾಚೆ!" ಎಂದು ಕರವಸ್ತ್ರ ಬೀಸಿದರು. ಅದು ಹಾರಿ ಕೆರೆ ದಾಟಿ ಮರೆಯಾಯಿತು. ಆಮೇಲೆ ಎಷ್ಟು ಕಾದರೂ ಏನೂ ಬರಲಿಲ್ಲ.

ವಾಪಸು ಬಂದರೆ ಮಾವ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಷ್ಟೂ ಮೆಟ್ಟಿಲು ಒಬ್ಬರೇ ಇಳಿದಿದ್ದರು. ತಲೆಗೆ ಟೋಪಿ, ಕಾಲಿಗೆ ಬೂಟು. ಕಾವಲುಗಾರ ಅವರಿಗೂ ಫೋನ್ ಮಾಡಿದ್ದ.

"ನೀವು ಕರ್ಕೊಂಡು ಹೋಗೋಕೆ ಬಂದೇ ಬರ್ತೀರಿ ಅಂತ ರೆಡಿಯಾಗಿ ಕೂತಿದ್ದೆ ಅಳಿಯಂದಿರೇ. ನಡೀರಿ, ಹೋಗೋಣ."

ಮೇಷ್ಟ್ರು ಮೆಲ್ಲಗೆ ಕಾರಿನಿಂದಿಳಿದರು. "ನಾನು... ಹೋಗಿ ಬಂದೆ ಮಾವ. ಕೆಂಪು ಹಕ್ಕಿ ಯಾವುದೂ ಇರಲಿಲ್ಲ."

"ಈಗ ಕೆಂಪು ಎಲ್ಲಿ ಬರಬೇಕು? ಮರಿ ಮಾಡೋ ಕಾಲಕ್ಕೆ ಮಾತ್ರ ಆ ವೇಷ. ಚಂದ ಕಾಣ್ಲಿ ಅಂತ ಪುಸ್ತಕದಲ್ಲಿ ಅದನ್ನೇ ಹಾಕಿದ್ದಾರೆ. ಈಗ ಬರೀ ಬೂದಿ ಬಣ್ಣ, ದುಂಡಗೆ ಇರುತ್ತೆ. ನಾನಿದ್ದಿದ್ರೆ ತೋರಿಸ್ತಿದ್ದೆ."

ಟೀಚರ್ ಸಂತೋಷದಿಂದ ಚಪ್ಪಾಳೆ ತಟ್ಟಿದರು. "ಹಾಗಾದ್ರೆ ನೋಡಿದ್ವಲ್ಲ ಸಾರ್! ನೀವು ಕರವಸ್ತ್ರ ಬೀಸಿ ಓಡಿಸಿದ್ರಲ್ಲ, ಅದೇ!"

ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಮೇಷ್ಟ್ರು ನೆಲದ ಮೇಲೆ ಕೂತು ಅವರ ಬೂಟಿನ ಲೇಸು ಬಿಚ್ಚತೊಡಗಿದರು. ಮಾವ ನಾಲ್ಕು ಮಾತು ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು.